ಚಿಪ್ ಇಲ್ಲದ ಕೀ

ಅಪ್ಪನಿಗೆ,

ಎದುರು ನಿಂತು ಹೇಳುವ ಮುಖವಿಲ್ಲದೆ ಬರೆಯುತ್ತಿದ್ದೇನೆ. ಕಾರು ಸ್ಟಾರ್ಟ್ ಆದ ತಕ್ಷಣ ನಿಂತುಹೋಗುವುದಕ್ಕೆ ಬ್ಯಾಟರಿ ಕಾರಣವಲ್ಲ, ಪೆಟ್ರೋಲಿನ ಕಸವೂ ಅಲ್ಲ. ನಾನು.

ಹೋದ ತಿಂಗಳು ನಮ್ಮ ಗೇಟಿನ ಕಂಬಕ್ಕೇ ಗುದ್ದಿ, "ಇದನ್ನ ಯಾರು ಇಲ್ಲಿ ನಿಲ್ಲಿಸಿದ್ದು?" ಎಂದು ಕೇಳಿದಿರಲ್ಲ, ಅವತ್ತೇ ನಿಮ್ಮ ಕೀ ಬದಲಾಯಿಸಿದೆ. ಈಗ ನಿಮ್ಮ ಬಳಿ ಇರುವುದು ರಸ್ತೆಬದಿಯಲ್ಲಿ ಮಾಡಿಸಿದ ನಕಲಿ. ಅದರಲ್ಲಿ ಚಿಪ್ ಇಲ್ಲ. ಎಂಜಿನ್ ಒಮ್ಮೆ ಎದ್ದು, ಕೀ ತನ್ನದಲ್ಲವೆಂದು ತಿಳಿದೊಡನೆ ಆಫ್ ಆಗುತ್ತದೆ. ನಿಮಗೆ ಕಣ್ಣು ಸರಿಯಾಗಿ ಕಾಣಿಸುತ್ತಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೆಕ್ಯಾನಿಕ್ ಮಾವನಿಗೆ ಕೀ ನೋಡಿದ ಕೂಡಲೇ ಗೊತ್ತಾಗಿತ್ತು. ಮೂವತ್ತು ವರ್ಷಗಳಿಂದ ಗೆಳೆಯನಾಗಿರುವವರಿಗೆ ನೀವು ನಾಲ್ಕು ಜನರ ಮುಂದೆ "ನಿನಗೆ ಕೆಲಸವೇ ಮರೆತುಹೋಗಿದೆ" ಎಂದು ಬೈದಾಗಲೂ ಅವರು ಪಿಟ್ಟೆನ್ನಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಸುಮ್ಮನಿದ್ದೆ. ಆಮೇಲೆ ನನಗೆ ಹೇಳಿದರು: "ಬೈದ್ರೆ ಬೈಲಿ ಬಿಡಮ್ಮ, ಯಾರಿಗಾದ್ರೂ ಗುದ್ದೋದಕ್ಕಿಂತ ವಾಸಿ." ಅವರ ಶೆಡ್ಡಿನ ಮುಂದೆ ತಲೆ ಎತ್ತಿ ನಡೆಯಲು ನನ್ನಿಂದ ಆಗುತ್ತಿಲ್ಲ. ದಯವಿಟ್ಟು ಅವರಿಗೊಂದು ಫೋನ್ ಮಾಡಿ.

ಅಸಲಿ ಕೀ ಈ ಲಕೋಟೆಯಲ್ಲೇ ಇದೆ. ಪತ್ರವನ್ನು ನೀವೇ ಓದಿಕೊಂಡಿದ್ದರೆ ಅದು ನಿಮ್ಮದು. ಅಮ್ಮ ಓದಿ ಹೇಳುತ್ತಿದ್ದರೆ, ಅವಳ ಕೈಯಲ್ಲೇ ಇರಲಿ.

ನೀವೇ ಡ್ರೈವಿಂಗ್ ಕಲಿಸಿದ
ಮಗಳು