ಆರಿಸಿ ತೆಗೆದ ಕಡ್ಲೆಕಾಯಿ

ಬಾಗಲಗುಂಟೆ ಸಂಸ್ಥಾನದ ಏಕೈಕ ಒಡತಿ ಶ್ರೀಮತಿ ಲಕ್ಷ್ಮಿದೇವಮ್ಮನವರ ಪಾದಗಳಿಗೆ, ಸಂಜಯನಗರದ ಕಿಡಿಗೇಡಿ ಮೊಮ್ಮಗಳು ನಯನಾ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ,

ಅಜ್ಜಿ, ನೀನು ಫೋನ್ ಎತ್ತುತ್ತಿಲ್ಲ. ಅನಂತ ಮಾವನಿಗೆ ಮಾಡಿದರೆ "ಅಮ್ಮ ಸ್ನಾನಕ್ಕೆ ಹೋಗಿದಾರೆ" ಅನ್ನುತ್ತಾನೆ. ಸಂಕ್ರಾಂತಿಗೆ ಸ್ನಾನಕ್ಕೆ ಹೋದವಳು ಯುಗಾದಿ ಬಂದರೂ ಹೊರಗೆ ಬರಲಿಲ್ಲ ಅಂದರೆ ನಿಮ್ಮ ಬೋರ್‌ವೆಲ್ ಬತ್ತಿಹೋಗುತ್ತೆ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡೋಕೆ ಆಗಲ್ಲ, ಬೇಕಾದರೆ ಹರಿದು ಹಾಕಬಹುದು. ಹರಿಯೋ ಮುಂಚೆ ಓದಿಬಿಡು.

"ಇನ್ನು ಆ ಮಗೂನ ನಾನು ಮುಟ್ಟಲ್ಲ, ಹಬ್ಬಕ್ಕೂ ಬರಲ್ಲ" ಅಂದೆಯಂತೆ. ಅವತ್ತು ಏನಾಯಿತು ಅಂತ ನಿನಗೆ ಯಾರೂ ಪೂರ್ತಿ ಹೇಳಿಲ್ಲ. ನಾನು ಹೇಳ್ತೀನಿ.

ನಮ್ಮ ಇಂಚರಳಿಗೆ ಕಡ್ಲೆಕಾಯಿ ವಿಷ ಅಂತ ಗೊತ್ತಾದ ಮೇಲೆ ಅದು ಅವಳ ಮೊದಲ ಸಂಕ್ರಾಂತಿ. ಐದು ವರ್ಷದ ಹುಡುಗಿ, ರೇಷ್ಮೆ ಲಂಗ ಉಟ್ಟು ಮನೆಮನೆಗೆ ಎಳ್ಳು ಬೀರಲೇಬೇಕು ಅಂತ ಹಟ. ಹಾಗಾಗಿ ಅವಳಮ್ಮ ಯಶೋಧಕ್ಕನ ಅಡುಗೆಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಕಡ್ಲೆಕಾಯಿ ಜಾಗಕ್ಕೆ ಕುಂಬಳಬೀಜ ಬಂತು. ಹುರಿಗಡಲೆಯನ್ನೂ ಬಿಟ್ಟೆವು, ಅಂಗಡಿಯಲ್ಲಿ ಕಡ್ಲೆಕಾಯಿ ಅಳೆದ ಪಾವಿನಲ್ಲೇ ಅದನ್ನೂ ಅಳೀತಾರಲ್ಲ. ಎಳ್ಳು ಒಗ್ಗುತ್ತೆ ಅಂತ ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದ್ದರು, ಆದರೂ ಅಕ್ಕ ತೊಳೆದು ಒಣಗಿಸಿ ಹೊಸ ಬಾಣಲೆಯಲ್ಲಿ ಹುರಿದಳು. ಕೊಬ್ಬರಿ, ಬೆಲ್ಲ ಹೆಚ್ಚೋಕೆ ಹೊಸ ಚಾಕು. ನಾನು ಬಾಗಿಲಲ್ಲಿ ಕಾವಲು ನಿಂತು ಒಳಗೆ ಬರುವವರ ಕೈ ಮೂಸಿ ನೋಡುತ್ತಿದ್ದೆ. ಭಾವನ ಕೈಯಲ್ಲಿ ಕಡ್ಲೆಮಿಠಾಯಿ ವಾಸನೆ ಸಿಕ್ಕಿದ್ದರಿಂದ ಅವರನ್ನು ವರಾಂಡಕ್ಕೆ ಗಡಿಪಾರು ಮಾಡಲಾಯಿತು.

ಸ್ಟೀಲ್ ಡಬ್ಬಿ ತುಂಬಿಸಿ ಅಕ್ಕ ಮಗುವಿಗೆ ಹೇಳಿದಳು, "ಈ ಡಬ್ಬೀದು ಎಷ್ಟು ಬೇಕಾದ್ರೂ ತಿನ್ನು ಪುಟ್ಟಿ. ಬೇರೆ ಯಾರು ಏನು ಕೊಟ್ರೂ ಬಾಯಿಗೆ ಹಾಕ್ಬೇಡ." ಇಂಚರ ಆ ಮಾತು ಮೀರಲಿಲ್ಲ ಅಜ್ಜಿ.

ನಿನ್ನ ಮನೆಯಲ್ಲಿ ಅವಳು ಕಾಲಿಗೆ ಬಿದ್ದು "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಮುತ್ತಜ್ಜಿ" ಅಂತ ಡಬ್ಬಿ ಕೊಟ್ಟಳು. ನೀನು ಒಳಗೆ ಹೋಗಿ ನಿನ್ನ ಪಾಲು ಬಗ್ಗಿಸಿಕೊಂಡೆ. ಹಬ್ಬದ ದಿನ ಮನೆಗೆ ಬಂದ ಡಬ್ಬಿಯನ್ನು ತುಂಬಿಸದೆ ಕಳಿಸೋದು ನಿನ್ನ ಕೈಲಿ ಆಗುವ ಕೆಲಸವೇ? ನಿನ್ನ ಎಳ್ಳು ಹಾಕಿ, ಮುಚ್ಚಳ ಮುಚ್ಚಿ ಕೊಟ್ಟೆ. ನಾನೂ ಅಕ್ಕನೂ ಹೊರಗೆ ಅನಂತ ಮಾವನ ಹೊಸ ಗೇಟನ್ನು ಹೊಗಳುತ್ತಿದ್ದೆವು.

ಬಿಇಎಲ್ ಸರ್ಕಲ್ ಸಿಗ್ನಲ್ಲಿನಲ್ಲಿ ಆಟೊ ನಿಂತಿತ್ತು. ಮಗು ತನ್ನ ಡಬ್ಬಿಯಿಂದ ಒಂದು ಹಿಡಿ ತಿಂದು, "ಚಿಕ್ಕಮ್ಮ, ನಾಲಿಗೆ ತುರಿಸ್ತಿದೆ" ಅಂದಳು. ಆಮೇಲೆ ಕೆಮ್ಮು. ನೋಡುನೋಡುತ್ತಿದ್ದಂತೆ ತುಟಿ ಊದಿಕೊಂಡಿತು. "ಅಕ್ಕ, ಇವಳನ್ನ ನೋಡು" ಅಂದೆ. "ಹಬ್ಬದ ದಿನ ಆಟ ಆಡ್ಬೇಡ ನಯನಾ" ಅಂತ ತಿರುಗಿದ ಅಕ್ಕನ ಮುಖ ಬಿಳುಚಿಕೊಂಡಿತು. ಬ್ಯಾಗಿನ ಜಿಪ್ಪು ಅವಳ ಕೈಗೆ ಸಿಗುತ್ತಲೇ ಇಲ್ಲ. ಮಗು ಉಸಿರು ಎಳೆದರೆ ಸುಂಯ್ ಅನ್ನುತ್ತಿತ್ತು. ನಾನೇ ಬ್ಯಾಗ್ ಕಿತ್ತುಕೊಂಡು ಇಂಥ ಹೊತ್ತಿಗೆ ಅಂತ ಡಾಕ್ಟರ್ ಕೊಟ್ಟಿದ್ದ ಚುಚ್ಚುಮದ್ದಿನ ಪೆನ್ನು ತೆಗೆದು, ಲಂಗದ ಮೇಲಿಂದಲೇ ಅವಳ ತೊಡೆಗೆ ಒತ್ತಿ ಹಿಡಿದೆ. ಆಟೊದ ವಾಜಿದಣ್ಣ ಒಮ್ಮೆ ತಿರುಗಿ ನೋಡಿ, "ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ" ಅಂದವನೇ ಫುಟ್‌ಪಾತಿನ ಮೇಲೆ ಆಟೊ ಹತ್ತಿಸಿದ. ಆಸ್ಪತ್ರೆ ಬಾಗಿಲು ಬರುವವರೆಗೆ ನಾನು ಅವಳ ಎದೆ ಏಳೋದು ಇಳಿಯೋದು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

ಸಂಜೆಗೆ ಊತ ಇಳಿಯಿತು. ಒಂದು ದಿನ ಇಟ್ಟುಕೊಂಡು ಕಳಿಸಿದರು. ಈಗ ಸೋಫಾದಿಂದ ಸೋಫಾಕ್ಕೆ ಹಾರುತ್ತಾಳೆ.

ಡಬ್ಬಿಯಲ್ಲಿ ಕುಂಬಳಬೀಜದ ಜೊತೆ ನಾವು ಹಾಕದ ಹುರಿಗಡಲೆ ನೋಡಿ ಅಕ್ಕ ನಿನಗೆ ಫೋನ್ ಮಾಡಿದಾಗ ನೀನು ಅಂದೆಯಲ್ಲ, "ಒಂದು ಕಡ್ಲೆಕಾಯೀನೂ ಇರ್ಲಿಲ್ಲ ಕಣೇ. ಬೆಳಗ್ಗೆಯಿಂದ ಮೊರ ಮುಂದಿಟ್ಕೊಂಡು ಒಂದೊಂದೇ ಆರಿಸಿ ತೆಗ್ದಿದೀನಿ, ಮಗೂಗೆ ಅಂತ." ನಿನ್ನ ದನಿ ಕೇಳಿದ್ದು ಅದೇ ಕೊನೆ.

ಕಾಳು ಹೋಗಿತ್ತು ಅಜ್ಜಿ. ಪುಡಿ ಉಳಿದಿತ್ತು. ಬೆಲ್ಲಕ್ಕೆ ಅಂಟಿದ ಪುಡಿ ಯಾವ ಕನ್ನಡಕಕ್ಕೂ ಕಾಣಲ್ಲ, ಅಷ್ಟು ಸಾಕಾಗುತ್ತೆ ಅಂತ ನಿನಗೆ ಯಾರೂ ಹೇಳಿರಲಿಲ್ಲ. "ಕಡ್ಲೆಕಾಯಿ ಕೊಡ್ಬೇಡಿ" ಅಂತ ಮಾತ್ರ ಹೇಳಿದ್ದೆವು. ನೀನು ಅದನ್ನು ಅಕ್ಷರಶಃ ಪಾಲಿಸಿದೆ. ಭಾವನ ಕಡೆಯವರಲ್ಲಿ "ಅಲರ್ಜಿ ಗಿಲರ್ಜಿ ಎಲ್ಲ ಈಗಿನವರ ಶೋಕಿ" ಅಂದವರಿದ್ದಾರೆ. ನೀನು ನಂಬಿ ಮೊರದ ಮುಂದೆ ಕೂತೆ.

ಅಕ್ಕನಿಗೆ ಕೋಪ ಇರಲಿಲ್ಲ ಅಂದರೆ ಸುಳ್ಳಾಗುತ್ತೆ. ಇತ್ತು. ನಿನ್ನ ಹೆಸರೆತ್ತಿದರೆ ಪಾತ್ರೆ ಕುಕ್ಕುತ್ತಿದ್ದಳು. ಮೊನ್ನೆ ಬೇಳೆ ಆರಿಸುತ್ತಾ, ತನ್ನಷ್ಟಕ್ಕೇ, "ಆ ವಯಸ್ಸಲ್ಲಿ, ಆ ಕಣ್ಣಲ್ಲಿ, ಎಷ್ಟೊತ್ತು ಕೂತಿದ್ಲೋ ಏನೋ" ಅಂದಳು.

ಮಗುವಿನದ್ದು ಬೇರೆ ಪ್ರಶ್ನೆ. "ನಂಗೆ ಹುಷಾರು ತಪ್ಪಿದ್ದಕ್ಕೆ ಮುತ್ತಜ್ಜಿಗೆ ನನ್ಮೇಲೆ ಕೋಪಾನಾ?" ಜಗತ್ತಿನ ಎಲ್ಲ ಪ್ರಶ್ನೆಗೂ ಒಂದೊಂದು ಸುಳ್ಳು ಸಿದ್ಧವಿಟ್ಟುಕೊಂಡಿರುವ ನಾನು "ಮುತ್ತಜ್ಜೀನೇ ಕೇಳು ಪುಟ್ಟಿ" ಅಂದೆ. ಉತ್ತರ ನೀನೇ ಬಂದು ಕೊಡಬೇಕು. ನೀನು ಮುಟ್ಟದೆ ಹೋದರೆ ಅವಳು ತನ್ನದೇ ತಪ್ಪು ಅಂದುಕೊಂಡು ಬೆಳೀತಾಳೆ.

ಡಾಕ್ಟರ್ ಒಂದು ಅಭ್ಯಾಸದ ಪೆನ್ನು ಕೊಟ್ಟಿದ್ದಾರೆ, ಅದಕ್ಕೆ ಸೂಜಿ ಇಲ್ಲ. ಮಗುವನ್ನು ಎತ್ತಿಕೊಳ್ಳುವವರಿಗೆಲ್ಲ ಇದು ಬರಬೇಕು ಅಂದರು. ಭಾವ ಕಲಿತರು, ಅವಳ ಟೀಚರ್ ಕಲಿತರು. "ಅಜ್ಜಿಗೂ ಕಲಿಸ್ಬೇಕು" ಅಂದವಳು ಅಕ್ಕ, ನಾನಲ್ಲ. ಹಬ್ಬದ ಹಿಂದಿನ ದಿನವೇ ಬಾ. ಹೋಳಿಗೆ ಆಮೇಲೆ ತಟ್ಟೋಣ, ಮೊದಲು ಇದು. ಅಭ್ಯಾಸಕ್ಕೆ ನನ್ನ ತೊಡೆಯನ್ನು ದಾನವಾಗಿ ಕೊಡಲಾಗಿದೆ. ಚಿಕ್ಕಂದಿನಿಂದ ನನಗೆ ನಾಲ್ಕು ಬಿಡಬೇಕು ಅಂತಿದ್ದೆಯಲ್ಲ, ಬಿಡು. ಮುಷ್ಟಿ ಬಿಗಿ ಹಿಡಿದು ಒತ್ತಬೇಕು, ನಡುಗಬಾರದು, ಅಷ್ಟೇ ವಿದ್ಯೆ.

ನಿನ್ನ ಕೈ ಗಟ್ಟಿಯಾಗಿರಲಿ ಅಜ್ಜಿ. ಮುಂದೆ ಆ ಮಗುವಿನ ಪಕ್ಕದಲ್ಲಿ ಯಾವತ್ತು ಯಾರು ಇರ್ತೀವೋ.

ತೊಡೆ ಒಡ್ಡಿ ಕಾದಿರುವ,
ನಯನಾ