ಅರದಲ್ಲಿ ಉಜ್ಜಿದ ನಂಬರು

ಕಾಸ್ತ್ರೋವೂನಿ
9 ಅಕ್ಟೋಬರ್ 1979

ಅಮ್ಮಾ,

ಸೇನಾ ದಫ್ತರದವರು ಮಾತು ಕೊಟ್ಟದ್ದು: ಮುಷ್ಕರದ ದಿನದ ಕಾಗದವೆಲ್ಲ ತೋರಿಸುತ್ತೇವೆ, ಗುಂಡು ಹಾರಿಸಿದವರ ಹೆಸರು ಕೊಡುತ್ತೇವೆ, ಎವಾಂಥಿಯಾ ಚಿಕ್ಕಮ್ಮನನ್ನು ಯಾಕೆ ಕೊಂದರೆಂದು ಬರೆದುಕೊಡುತ್ತೇವೆ. ಇಲ್ಲವೆಂದದ್ದು: ಮೂರಕ್ಕೂ. ಐದು ವರ್ಷ ಅಲೆಸಿ ಕೈಗಿಟ್ಟದ್ದು ಒಂದೇ ಹಾಳೆ. 1934ರಲ್ಲಿ ತಂಬಾಕು ಗೋದಾಮಿನ ಗೇಟಿನೆದುರು ಮುಷ್ಕರದವರ ಮೇಲೆ ಗುಂಡು ಹಾರಿಸಿದ ಎಂಟು ಬಂದೂಕುಗಳ ನಂಬರು. ಹೆಸರಿನ ಸಾಲು ಕತ್ತರಿಸಿದ್ದಾರೆ.

ನೀನು ಕೊಟ್ಟ ಅಪ್ಪನ ಬಂದೂಕು, ಮುಷ್ಕರದಲ್ಲಿ ಸತ್ತವರ ನೆನಪಿಗೆ ನಾವು ಕಟ್ಟಿದ ಸಮಿತಿಯ ಕೋಣೆಯಲ್ಲಿದೆ. ಮುಷ್ಕರದ ವರ್ಷವೇ ಸೈನ್ಯದಿಂದ ಓಡಿಬಂದಾಗ ತಂದದ್ದು, ಆಮೇಲೆ ಜರ್ಮನ್ನರ ಎದುರು ಹಿಡಿದದ್ದು. ಚಿಕ್ಕಮ್ಮನ ಫೋಟೋದ ಕೆಳಗೇ ತೂಗುಹಾಕಬೇಕೆಂದು ಎಲ್ಲರ ಆಸೆ. ಅದರ ಪಕ್ಕ ಅಂಟಿಸುವ ವಿವರದ ಚೀಟಿಗೆ ನಂಬರು ಬರೆಯಲು ಕೂತೆ. ನಳಿಗೆಯ ಬುಡದಲ್ಲಿ ನಂಬರಿಲ್ಲ, ಲೋಹ ತೀಡುವ ಅರದಿಂದ ಉಜ್ಜಿದ ಗುರುತು. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಹೊರಗೆಳೆದೆ; ನಳಿಗೆಯ ನಂಬರನ್ನೇ ಅದಕ್ಕೂ ಹೊಡೆದಿರುತ್ತಾರೆ. ಅದರ ಮೇಲೆ 6183. ಹಾಳೆಯಲ್ಲಿ ಐದನೆಯದು.

ನನಗೆ ಏನೂ ಅನ್ನಿಸಲಿಲ್ಲ. ಕೈ ಒರೆಸಿಕೊಂಡೆ, ಕಾಫಿ ಮಾಡಿ ಕುಡಿದೆ.

ಸೇನೆಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಝಿಸಿಸ್ ಮಾವನಿಗೆ ತೋರಿಸಿದೆ. "ಅಯ್ಯೋ ಹುಚ್ಚಿ, ಎಂಟ್ಹತ್ತು ಜನ ಒಂದೇ ಬೋಗುಣಿ ಎಣ್ಣೇಲಿ ಬೋಲ್ಟ್ ತೊಳೀತಿದ್ವಿ. ಯಾವಂದು ಯಾವನ ಕೈಗೋ! ಬೋಲ್ಟ್ ಬೇರೆಯವಂದು ಅಂತ ಬರಿ. ನಿಮ್ಮಪ್ಪ ನಮ್ಮ ತಂಬಾಕು ಕೆಲಸಗಾರರ ಸಂಘ ಕಟ್ಟಿದೋನು ಕಣೇ," ಎಂದ. ಹಾಗಾದರೆ ನಳಿಗೆ ಉಜ್ಜಿದ್ದು ಯಾಕೆ ಎಂದು ಕೇಳಿದೆ. ಮಾವ ಟೋಪಿ ಹುಡುಕತೊಡಗಿದ. ಅದು ಅವನ ತಲೆಯ ಮೇಲೇ ಇತ್ತು.

ನಿನಗೆ ಫೋನು ಮಾಡಿ, ಬಂದೂಕಿನ ನಂಬರು ನೆನಪಿದೆಯಾ ಎಂದಷ್ಟೇ ಕೇಳಿದೆ. ನೀನು, "ಅವತ್ತು ನಿಮ್ಮಪ್ಪ ಲಾಯದಲ್ಲಿ ಹೇಸರಗತ್ತೆಗೆ ಮೇವು ಹಾಕ್ತಿದ್ದ. ಸತ್ತೋರನ್ನೂ ಕಟಕಟೆ ಹತ್ತಿಸ್ತೀರೇನೇ?" ಎಂದೆ. ಅಮ್ಮಾ, ನಾನು ಮುಷ್ಕರದ ದಿನದ ಮಾತನ್ನೇ ಎತ್ತಿರಲಿಲ್ಲ.

ದಫ್ತರದವರು ಹೆಸರು ಕತ್ತರಿಸಿದಾಗ ಬೀದಿಗಿಳಿದು ಕೂಗಿದವಳು ನಾನು. ನಮ್ಮ ಮನೆಯ ಅರಕ್ಕೆ ಎಲ್ಲಿ ನಿಂತು ಕೂಗಲಿ? ಚೀಟಿ ಖಾಲಿ ಇದೆ.

ನಿನ್ನ ಮಗಳು,
ಅರ್ಗಿರೋ

ಇದನ್ನು ಮೇಲೆ ಬರೆಯಲಾಗಲಿಲ್ಲ: ನಿನ್ನೆ ಉಜ್ಜಿದ ಜಾಗಕ್ಕೆ ಆಸಿಡ್ ಹಚ್ಚಿದೆ. ಅರ ಮೇಲಿನದನ್ನಷ್ಟೇ ತೆಗೆದಿತ್ತು, ಅಚ್ಚಿನ ಒತ್ತು ಲೋಹದೊಳಗೆ ಉಳಿದಿತ್ತು. ಅಳಿಸಿದ ನಂಬರು ನಿಧಾನವಾಗಿ ಮೂಡಿತು. 6183. ಬೋಲ್ಟ್ ಬೇರೆ ಯಾರದೂ ಅಲ್ಲ, ಅಪ್ಪನದೇ. ಮಾವನಿಗೂ ಹೇಳಿಲ್ಲ. ಬಂದೂಕು ತೂಗುಹಾಕಬೇಡಿ ಎಂದು ಸಮಿತಿಯ ಸಭೆಯಲ್ಲಿ ಹೇಳುತ್ತೇನೆ, ಯಾಕೆಂದೂ ಹೇಳುತ್ತೇನೆ. ನೀನು ಸತ್ತವಳ ಅಕ್ಕ, ಮುಂದಿನ ಸಾಲಿನಲ್ಲಿ ನಿನ್ನ ಕುರ್ಚಿ ಇದೆ. ಭಾನುವಾರ, ಅಕ್ಟೋಬರ್ 14, ಬೆಳಿಗ್ಗೆ ಹನ್ನೊಂದಕ್ಕೆ.