ಅತ್ತೆ ಬಿಚ್ಚಿದ ಹೊಲಿಗೆ

ಹನುಮಂತನಗರ, ಬೆಂಗಳೂರು
೧೮ ಆಗಸ್ಟ್ ೨೦೨೪

ಪ್ರೀತಿಯ ಪೂಜಿತಾ,

ಹೇಗಿದ್ದೀಯ? ನಿಮ್ಮ ಮನೆಯವರು, ಮಕ್ಕಳು ಎಲ್ಲ ಕ್ಷೇಮವೇ? ನೀನು ಹಬ್ಬಕ್ಕೆ ಕಳಿಸಿದ ಸೀರೆ ಬಂದು ವಾರವಾಯಿತು. ತಲುಪಿತು ಅಂತ ಒಂದು ಮಾತು ತಿಳಿಸಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಫೋನು ಹಿಡಿದರೆ ನಿಮ್ಮಮ್ಮ ಕಿತ್ತುಕೊಂಡು ಕಿವಿಗಿಟ್ಟುಕೊಳ್ಳುತ್ತಾರೆ, ಮಾತಾಡುವುದೂ ಇಲ್ಲ, ಕೊಡುವುದೂ ಇಲ್ಲ. ಅದಕ್ಕೇ ಈ ಕಾಗದ.

ನನ್ನ ಬಿ.ಪಿ. ಇಳಿದಿಲ್ಲ. ಮಾತ್ರೆಯ ಜೊತೆ ಮನಸ್ಸಿಗೆ ಬಿಡುವು ಕೊಡುವ ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದ್ದರು. ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ಭಾಗೀರಥಮ್ಮ ಎಂಬ ನಿವೃತ್ತ ಟೀಚರು ಭಾನುವಾರ ಸಾಶಿಕೋ ಹೇಳಿಕೊಡುತ್ತಾರೆ. ಜಪಾನಿನವರ ಕೈಹೊಲಿಗೆ ಅದು. ಕಡುನೀಲಿ ಬಟ್ಟೆ, ದಪ್ಪ ಬಿಳಿ ದಾರ, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆಗಳು, ಅಷ್ಟೇ. ಮೊದಲು ಕಾಫಿ ಲೋಟದ ಕೆಳಗಿಡುವ ಒಂದು ಚೌಕ ಮಾಡಿದೆ. ಹೊಲಿಗೆ ಡೊಂಕಾಯಿತೆಂದು ಬಿಚ್ಚಲು ಹೋದರೆ ಅವರು, "ಬಿಡಮ್ಮ ಬಿಂದು, ಪರೀಕ್ಷೆ ಏನಿಲ್ಲ ಇಲ್ಲಿ. ಕೈ ಎಷ್ಟು ಹೋಗುತ್ತೋ ಅಷ್ಟೇ ಹೊಲಿ" ಅಂದರು. ಮನೆಗೆ ನಡೆದು ಬರುತ್ತಾ ಸುಮ್ಮಸುಮ್ಮನೆ ಅಳು ಬಂತು. ಅಷ್ಟು ಮೆತ್ತಗೆ ನನ್ನೊಡನೆ ಯಾರಾದರೂ ಮಾತಾಡಿ ತುಂಬಾ ದಿನವಾಗಿತ್ತು.

ನಿಮ್ಮಣ್ಣ ಬೆಳಿಗ್ಗೆ ಎಂಟಕ್ಕೆ ಅಂಗಡಿಗೆ ಹೋದರೆ ಬರುವುದು ರಾತ್ರಿಯೇ. ಭಾನುವಾರ ಅವರು ಮನೆಯಲ್ಲಿದ್ದು ನನ್ನನ್ನು ಕ್ಲಾಸಿಗೆ ಕಳಿಸುವ ಎರಡು ಗಂಟೆ ಬಿಟ್ಟರೆ ಮಿಕ್ಕಿದ್ದೆಲ್ಲ ನಾನು, ನಿಮ್ಮಮ್ಮ. ಸ್ನಾನಕ್ಕೆ ಕರೆದರೆ ಕೂಗಾಡುತ್ತಾರೆ. ಊಟ ಮಾಡಿ ಕೈ ತೊಳೆದ ಮೇಲೆ ಊಟ ಹಾಕಲಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳುತ್ತಾರೆ. "ನೀನ್ಯಾರ ಮಗ್ಳವ್ವ?" ಎಂದು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರೆ. ಈಗೀಗ ನಾನೂ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತೇನೆ.

ಒಂದು ಮಧ್ಯಾಹ್ನ ಹೊಲಿಯುತ್ತಾ ಕೂತಿದ್ದೆ. ಪಕ್ಕಕ್ಕೆ ಬಂದು ಕೂತು, "ನಂಗೂ ಒಂಚೂರು ಕೊಡವ್ವ" ಅಂದರು. ಮೊಂಡು ಸೂಜಿ, ತುಂಡು ಬಟ್ಟೆ ಕೊಟ್ಟೆ. ಒಂದು ಗಂಟೆ ತಲೆ ಎತ್ತಲಿಲ್ಲ! ಆಗ ತೆಗೆದ ಫೋಟೋವನ್ನೇ ನಿನಗೆ ಕಳಿಸಿದ್ದು. "ನಮ್ಮಮ್ಮಂಗೆ ನಿಮ್ಮಂಥ ಸೊಸೆ ಸಿಕ್ಕಿದ್ದು ಪುಣ್ಯ ಅತ್ತಿಗೆ" ಎಂದು ನೀನು ಬರೆದಿದ್ದೆ. ಆ ಸುಖ ಹದಿನೈದು ದಿನ ಇತ್ತು. ಆಮೇಲೆ ಅವರಿಗೆ ಹೊಲಿಯುವುದು ಮರೆತು, ಬಿಚ್ಚುವುದು ಮಾತ್ರ ಉಳಿಯಿತು. ನಾನು ಐದು ವಾರ ಕೂತು ಹೊಲಿದ ಟೇಬಲ್ ಬಟ್ಟೆಯನ್ನು ಮೊನ್ನೆ ಬುಧವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಪೂರ್ತಿ ಬಿಚ್ಚಿ, ದಾರವನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು ಕೂತಿದ್ದರು.

ಇವತ್ತು ಕ್ಲಾಸಿಗೆ ಹೋಗಲಿಲ್ಲ. ಸುಸ್ತು ಕಣೆ, ಎಷ್ಟು ಮಲಗಿದರೂ ಹೋಗದ ಸುಸ್ತು.

ಮಕ್ಕಳು ಚೆನ್ನಾಗಿ ಓದಲಿ. ದೇವರು ನಿಮ್ಮನ್ನೆಲ್ಲ ಗಟ್ಟಿಯಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಬಿಂದು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬುಧವಾರ ನಾನು ನಿಮ್ಮಮ್ಮನಿಗೆ ಹೊಡೆದೆ. ಒಂದಲ್ಲ, ಎರಡು ಏಟು, ಕೈ ಮೇಲೆ. ಅವರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, "ಹೊಡೀಬ್ಯಾಡ ಕಣವ್ವೋ, ಇನ್ ಮಾಡಕಿಲ್ಲ" ಎಂದು ಮಗುವಿನ ಹಾಗೆ ಅತ್ತರು. ಮಣಿಕಟ್ಟು ಊದಿತ್ತು. ಬಾಗಿಲಿಗೆ ತಗುಲಿತು ಎಂದು ನಿಮ್ಮಣ್ಣನಿಗೆ ಸುಳ್ಳು ಹೇಳಿದೆ, ಅವರು ನಂಬಿದರು. ಇನ್ನೊಂದು ಸಲ ಕೈ ಎತ್ತುವುದಿಲ್ಲ ಎಂದು ನಿನಗೆ ಭಾಷೆ ಕೊಡೋಣವೆಂದು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಇದನ್ನು ಓದಿದ ಕೂಡಲೇ ಹೊರಟು ಬಾ. ನನ್ನನ್ನು ಬೈಯಲಾದರೂ ಸರಿ, ಬಾ.